ಹಾಡಿಗೂ ಮೊದಲಿನ ಉಸಿರು

ರಾತ್ರಿ ಪಾತ್ರೆ ತೊಳೆದಿಟ್ಟು, ಇಯರ್‌ಫೋನ್ ಹಾಕ್ಕೊಂಡು ಜಾನಿ ಕ್ಯಾಶ್ ಕೇಳ್ತಾ ಕೂತಿದ್ದೆ. ಅಮೆರಿಕದ ಕಂಟ್ರಿ, ಅಂದ್ರೆ ಅಲ್ಲಿನ ಹಳ್ಳಿಗಾಡಿನ ಶೈಲಿಯ ಹಾಡುಗಾರ, ಸದಾ ಕಪ್ಪು ಬಟ್ಟೆ ತೊಡ್ತಿದ್ದವರು.

2003ರ ಮೇ ತಿಂಗಳಲ್ಲಿ ಅವರ ಹೆಂಡತಿ ಜೂನ್ ತೀರಿಕೊಂಡರು. ಅಷ್ಟರಲ್ಲಿ ಕ್ಯಾಶ್ ಗಾಲಿಕುರ್ಚಿ ಹಿಡಿದಿದ್ದರು, ಕಣ್ಣೂ ಮಂಜಾಗಿತ್ತು. ಆದ್ರೂ ತನಗೆ ಕೆಲಸ ಬೇಕು, ಹಾಡ್ತಾನೇ ಇರಬೇಕು ಅಂತ ನಿರ್ಮಾಪಕ ರಿಕ್ ರೂಬಿನ್‌ಗೆ ಹೇಳಿದ್ದರಂತೆ. ಮೈಯಲ್ಲಿ ಕಸುವಿದ್ದ ದಿನ ಹಾಡಿದರು. ಸೆಪ್ಟೆಂಬರ್ 12ಕ್ಕೆ ಅವರೂ ಹೋದರು, ಹೆಂಡತಿ ಹೋಗಿ ನಾಲ್ಕೇ ತಿಂಗಳಿಗೆ. ಆ ಕೊನೆಯ ತಿಂಗಳುಗಳ ಹಾಡುಗಳು 2006ರಲ್ಲಿ ಆಲ್ಬಂ ಆಗಿ ಬಂದು, ಅಮೆರಿಕದ ಆಲ್ಬಂ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದವು.

ಅವರು ಬರೆದ ಕೊನೆಯ ಹಾಡು ಅದರಲ್ಲೇ ಇದೆ. ತನ್ನ ಶವಪೆಟ್ಟಿಗೆ ಹೊತ್ತೊಯ್ಯೋ ರೈಲಿನ ಹಾಡು. 1955ರ ಅವರ ಮೊದಲ ರೆಕಾರ್ಡಿನಲ್ಲೂ ರೈಲಿನ ಹಾಡೇ ಇತ್ತು! ಅಲ್ಲಿ ಊರು ಸೇರೋ ಹುಡುಗನ ಸಡಗರ. ಇಲ್ಲಿ ದನಿ ಒಡೆದಿದೆ, ಸಾಲು ಸಾಲಿಗೂ ಉಸಿರು ಸಾಲದು. ಅದನ್ನು ಮುಚ್ಚಿಡದೆ ಹಾಗೇ ಬಿಟ್ಟಿದ್ದಾರೆ. ನನಗೆ ಆ ಹಳೇ ಗಟ್ಟಿ ಕಂಠಕ್ಕಿಂತ ಇದೇ ಹತ್ತಿರ.

ಅಪ್ಪನ ಒಂದು ವಾಯ್ಸ್ ಮೆಸೇಜ್ ಫೋನಲ್ಲಿದೆ. "ಊಟ ಆಯ್ತಾ ಮಗಾ?" ಅಷ್ಟೇ. ಅದಕ್ಕೂ ಮೊದಲು ಒಂದು ಉಸಿರು ಎಳ್ಕೊಳ್ತಾರೆ. ನಿನ್ನೆ ಅದನ್ನ ಮೂರು ಸಲ ಕೇಳಿದೆ.