ಅರ್ಜಿ ಬರೆದುಕೊಡುವವರಿಗೂ ಲೈಸೆನ್ಸ್ ಬೇಕು

ಮೂಡಿಗೆರೆ, ಸಕಲೇಶಪುರ, ಬೇಲೂರು, ಎಲ್ಲೇ ಆಗಲಿ, ಹಳ್ಳಿಯವರಿಗೆ ಕಾನೂನಿನ ಮೊದಲ ಸಲಹೆ ಸಿಗುವುದು ತಾಲ್ಲೂಕು ಕಚೇರಿ ಎದುರಿನ ಟೈಪಿಂಗ್ ಅಂಗಡಿಯಲ್ಲಿ. ಕ್ರಯಪತ್ರ ಬರೆಯುವ ಪತ್ರ ಬರಹಗಾರರಿಗೆ ನೋಂದಣಿ ಇಲಾಖೆಯ ಲೈಸೆನ್ಸ್ ವ್ಯವಸ್ಥೆ ಇದೆ. ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು), ಪೋಡಿ (ಜಮೀನನ್ನು ಅಳೆದು ಬೇರೆ ಮಾಡುವುದು), ಮ್ಯುಟೇಶನ್ (ದಾಖಲೆಯಲ್ಲಿ ಹೆಸರು ಬದಲಾವಣೆ) ತಕರಾರಿಗೆ ಅರ್ಜಿ ಬರೆದುಕೊಡುವವರಿಗೆ ಅಂಥದ್ದೇನೂ ಇಲ್ಲ. ತಪ್ಪಾದರೆ ಹೊಣೆ ಯಾರದೂ ಅಲ್ಲ.

ಎಡವಟ್ಟಾಗುವುದು ಹೀಗೆ. ತಂದೆ ತೀರಿಕೊಂಡ ಮೇಲೆ ಖಾತೆ ಅಣ್ಣನೊಬ್ಬನ ಹೆಸರಿಗೆ ಕೂತಿರುತ್ತದೆ. ತಂಗಿ ಬಂದು ಕೇಳಿದರೆ ತಹಶೀಲ್ದಾರರಿಗೊಂದು ಮನವಿ ಟೈಪ್ ಮಾಡಿ ಕೊಡುತ್ತಾರೆ. ಆದರೆ ಮ್ಯುಟೇಶನ್ ಒಮ್ಮೆ ಸರ್ಟಿಫೈ ಆದರೆ ಕರ್ನಾಟಕ ಭೂಕಂದಾಯ ಕಾಯ್ದೆಯ 136(2)ನೇ ಕಲಮಿನಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬೇಕು, ಅದೂ ಆದೇಶ ತಿಳಿಸಿದ 60 ದಿನದೊಳಗೆ. ಮನವಿಗೆ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಬರುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಆಮೇಲೆ ವಿಳಂಬ ಮನ್ನಾ ಅರ್ಜಿ, ಅದರ ಜೊತೆ ಅಫಿಡವಿಟ್, ತಡವಾದದ್ದಕ್ಕೆ ಕಾರಣ. ಪಾಲಿನ ಹಕ್ಕೇ ತಕರಾರಿನಲ್ಲಿದ್ದರೆ ಸಿವಿಲ್ ಕೋರ್ಟಿನಲ್ಲಿ ವಿಭಾಗದ ದಾವೆಯೇ ಹೂಡಬೇಕು ಎಂಬುದನ್ನು ಆಕೆಗೆ ಯಾರೂ ಹೇಳಿರುವುದಿಲ್ಲ.

1961ರ ವಕೀಲರ ಕಾಯ್ದೆಯ 33ನೇ ಕಲಮಿನ ಪ್ರಕಾರ ಕೋರ್ಟು, ಪ್ರಾಧಿಕಾರಗಳ ಮುಂದೆ ವಕೀಲಿಕೆ ಮಾಡುವ ಹಕ್ಕು ನೋಂದಾಯಿತ ವಕೀಲರದ್ದು. ಮೀರಿದರೆ 6 ತಿಂಗಳವರೆಗೆ ಜೈಲು. ಆದರೂ 32ನೇ ಕಲಮು ನಿರ್ದಿಷ್ಟ ಪ್ರಕರಣದಲ್ಲಿ ವಕೀಲರಲ್ಲದವರಿಗೆ ಅನುಮತಿ ಕೊಡುವ ಅಧಿಕಾರವನ್ನು ಕೋರ್ಟಿಗೆ ಬಿಟ್ಟಿದೆ. ಗ್ರಾಹಕ ಆಯೋಗಗಳಲ್ಲಿ ವಕೀಲರಲ್ಲದ ಪ್ರತಿನಿಧಿಗಳಿಗೆ 2014ರಲ್ಲಿ ನಿಯಮಾವಳಿಯೇ ಬಂತು. ಕೆನಡಾದ ಒಂಟಾರಿಯೊದಲ್ಲಿ 2007ರಿಂದ ಪ್ಯಾರಾಲೀಗಲ್‌ಗಳಿಗೆ, ಅಂದರೆ ವಕೀಲರಲ್ಲದ ಕಾನೂನು ಸಹಾಯಕರಿಗೆ, ಲೈಸೆನ್ಸ್ ಇದೆ. ಸಣ್ಣ ಮೊತ್ತದ ದಾವೆ, ನ್ಯಾಯಮಂಡಳಿ, ಕೆಲವು ಸಣ್ಣ ಅಪರಾಧ ಪ್ರಕರಣಗಳಷ್ಟೇ ಅವರ ವ್ಯಾಪ್ತಿ, ಕೆಲಸದಲ್ಲಿ ತಪ್ಪಾದರೆ ಪರಿಹಾರಕ್ಕೆಂದು ವೃತ್ತಿವಿಮೆ ಕಡ್ಡಾಯ.

ನಮಗೂ ಇಂಥ ಸೀಮಿತ ಲೈಸೆನ್ಸ್ ಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪರೀಕ್ಷೆ ಕನ್ನಡದಲ್ಲಿರಲಿ. ವ್ಯಾಪ್ತಿ ಕಂದಾಯ ಅರ್ಜಿ, ಉಪವಿಭಾಗಾಧಿಕಾರಿ ಮುಂದಿನ ಮೇಲ್ಮನವಿ, ಪಿಂಚಣಿ, ಇಷ್ಟಕ್ಕೇ ನಿಲ್ಲಲಿ. ಬರೆದ ಪ್ರತಿ ಅರ್ಜಿಯ ಕೆಳಗೆ ಬರೆದವರ ಲೈಸೆನ್ಸ್ ನಂಬರ್ ಇರಬೇಕು, ಅಂಗಡಿಯಲ್ಲಿ ದರಪಟ್ಟಿ ತೂಗುಹಾಕಿರಬೇಕು. ಗಡುವಿನ ದಿನಾಂಕವನ್ನು ಕಕ್ಷಿದಾರರಿಗೆ ಬರೆದು ಕೊಡಬೇಕು. ಗುಣಮಟ್ಟ ಕುಸಿಯುತ್ತದೆ ಎಂಬ ವಕೀಲರ ಆತಂಕ ಸುಳ್ಳಲ್ಲ, ಆದರೆ ಈಗ ಅಲ್ಲಿ ಅಳೆಯುವುದಕ್ಕೆ ಗುಣಮಟ್ಟವೇ ಇಲ್ಲ.

ಸದ್ಯಕ್ಕೆ ಇರುವ ದಾರಿ ಕೋರ್ಟ್ ಆವರಣದ ತಾಲ್ಲೂಕು ಕಾನೂನು ಸೇವಾ ಸಮಿತಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯದ ಮಿತಿಯೇ ಇಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಕಾಫಿ ತೋಟದ ಲೈನ್ ಮನೆಯ ಹೆಣ್ಣುಮಗಳು ಆದಾಯ ಪ್ರಮಾಣಪತ್ರಕ್ಕಾಗಿ ನಾಡಕಚೇರಿ ಅಲೆಯಬೇಕಿಲ್ಲ. ಸಹಾಯವಾಣಿ 15100. ಹೋಗುವಾಗ ಆಧಾರ್, ಪಹಣಿ, ಮ್ಯುಟೇಶನ್ ನಕಲು, ಬಂದ ನೋಟಿಸ್ ಜೊತೆಗಿರಲಿ. ನೋಟಿಸ್ ಬಂದ ಲಕೋಟೆಯನ್ನೂ ಬಿಸಾಡಬೇಡಿ, 60 ದಿನದ ಲೆಕ್ಕಕ್ಕೆ ಅದರ ಮೇಲಿನ ಅಂಚೆ ಮುದ್ರೆ ಬೇಕಾಗಬಹುದು.