ಪುಸ್ತಕದ ಗುಂಪಿನಲ್ಲಿ ಪುಸ್ತಕದ ಮಾತು ಯಾವಾಗ?

ಮದುವೆ ಮನೆಯಲ್ಲಿ, ಬಿಲ್ಡಿಂಗಿನ ಲಿಫ್ಟಿನಲ್ಲಿ, ಊರಿಂದ ಬಂದ ಫೋನಿನಲ್ಲಿ, ಎಲ್ಲಾ ಕಡೆ ಇದೇ ಪ್ರಶ್ನೆ. "ಪುಸ್ತಕದ ಗುಂಪು ಅಂತೀರಿ. ನೋಡಿದ್ರೆ ಬರೀ ತಿಂಡಿ, ಟ್ರೈನು, ಮಳೆ ಮಾತು. ಓದೋದು ಯಾವಾಗ?" ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ಮೇಲೆ ಯಾರೇ ಕೇಳಿದರೂ ಇದನ್ನೇ ಕಳಿಸುತ್ತೇನೆ.

ಮೊದಲು ನೇರ ಉತ್ತರ. ನಾವು ಮುಂಬೈ ಕಡೆಯ ಕನ್ನಡ ಓದುಗರು, ತಿಂಗಳಿಗೊಂದು ಕನ್ನಡ ಪುಸ್ತಕ ಓದುತ್ತೇವೆ. ಮೂರನೇ ಭಾನುವಾರ ಸಂಜೆ ವಿಡಿಯೋ ಕಾಲ್‌ನಲ್ಲಿ ಕೂತು ಅದರ ಬಗ್ಗೆ ಮಾತಾಡುತ್ತೇವೆ. ಉಳಿದ ದಿನಗಳಲ್ಲಿ ವಾಟ್ಸಾಪ್ ಗುಂಪಿನಲ್ಲಿ ಬಾಯಿಗೆ ಬಂದದ್ದು ಮಾತಾಡುತ್ತೇವೆ. ಹೌದು, ತಿಂಡಿ, ಟ್ರೈನು, ಮಳೆ. ಅದರಲ್ಲಿ ಮುಚ್ಚಿಡೋದು ಏನೂ ಇಲ್ಲ.

ಪ್ರಶ್ನೆಗಿಂತ ಜಾಸ್ತಿ ನನ್ನ ತಲೆ ಕೆಡಿಸೋದು ಕೇಳುವ ಧಾಟಿ. ಕಳ್ಳನನ್ನು ಹಿಡಿದ ಹಾಗೆ ಕೇಳುತ್ತಾರೆ. ಒಬ್ಬರು ದೂರದ ಸಂಬಂಧಿಕರು ಊಟದ ಪಂಕ್ತಿಯಲ್ಲಿ ನನ್ನ ಫೋನ್ ಇಣುಕಿ ನೋಡಿ, ಪಕ್ಕದವರಿಗೂ ಕೇಳೋ ಹಾಗೆ ಜೋರಾಗಿ ಓದಿದರು: "ಮಾಟುಂಗಾದಲ್ಲಿ ಇವತ್ತು ಬಸಳೆ ಬಂದಿದೆ, ಬೇಕಾದವರು ಬೇಗ ಹೇಳಿ." ಪಂಕ್ತಿಯೆಲ್ಲಾ ನಕ್ಕಿತು. "ಇದೇನಾ ನಿಮ್ಮ ಸಾಹಿತ್ಯ?" ಅಂತ ಕೇಳಿದರು. ಸಾಹಿತ್ಯ ಅಲ್ಲ ಸ್ವಾಮಿ, ಬಸಳೆ. ಡೊಂಬಿವಲಿಯ ಅಕ್ಕನಿಗೆ ಅದು ಸಿಗೋದಿಲ್ಲ. ದಾದರ್ ಕಡೆ ಕೆಲಸಕ್ಕೆ ಹೋಗುವ ಹುಡುಗಿ ಸಂಜೆ ತಂದುಕೊಡುತ್ತಾಳೆ. ಆ ಚೀಲದಲ್ಲಿ ಬಸಳೆಯ ಜೊತೆ ಇನ್ನೇನಿರುತ್ತದೆ ಅಂತ ಅವರು ಕೇಳಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಹೀಗೆ ಕೇಳುವವರು ಹೆಚ್ಚಾಗಿ ಬೆಂಗಳೂರಿನವರು, ಧಾರವಾಡದವರು, ಉಡುಪಿಯವರು. ಅವರಿಗೆ ಆಟೋದಲ್ಲಿ ಕನ್ನಡ, ತರಕಾರಿ ಅಂಗಡಿಯಲ್ಲಿ ಕನ್ನಡ, ಗೋಡೆ ಮೇಲೆ ಕನ್ನಡ. ಮುಂಬೈಯಲ್ಲಿ ನಮ್ಮ ಒಂದು ದಿನ ನೋಡಿ. ಹಾಲಿನವನ ಹತ್ತಿರ ಹಿಂದಿ. ಸೊಸೈಟಿ ಮೀಟಿಂಗಿನಲ್ಲಿ ಮರಾಠಿ. ಆಫೀಸಿನಲ್ಲಿ ಇಂಗ್ಲಿಷ್. ಮನೆಯಲ್ಲಿ ನಮ್ಮಲ್ಲಿ ಎಷ್ಟೋ ಜನರದು ತುಳು, ಕೊಂಕಣಿ. ಮಕ್ಕಳಿಗೆ ಏನೇ ಕೇಳಿದರೂ ಹಿಂದಿಯಲ್ಲೇ ಉತ್ತರ. ಕನ್ನಡ ಓದಿ ಬೆಳೆದ ಮನುಷ್ಯ ಇಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಒಂದು ವಾಕ್ಯ ಕನ್ನಡ ಆಡದೆ ಮಲಗಬಹುದು. ಮಾರನೇ ದಿನವೂ ಅದೇ. ಹೀಗೆ ವರ್ಷಗಟ್ಟಲೆ ಇದ್ದವರು ಒಂದು ಕಾದಂಬರಿ ಕೈಗೆತ್ತಿಕೊಂಡರೆ ಹತ್ತನೇ ಪುಟಕ್ಕೆ ಸುಸ್ತಾಗುತ್ತಾರೆ. ಕತೆಯಲ್ಲಿ ಇರೋದಾದರೂ ಏನು? ಯಾರೋ ಒಲೆ ಹಚ್ಚುತ್ತಾರೆ, ಯಾರಿಗೋ ಬಸ್ ತಪ್ಪುತ್ತದೆ, ಅತ್ತೆ ಸೊಸೆ ತೆಂಗಿನಕಾಯಿಗೆ ಜಗಳ ಆಡುತ್ತಾರೆ. ಅಂಥ ಮಾತು ದಿನಾ ನಾಲಿಗೆ ಮೇಲೆ ಓಡಾಡದಿದ್ದರೆ ಕಾದಂಬರಿಯೂ ಪರೀಕ್ಷೆಗೆ ಓದುವ ಪಾಠದ ಹಾಗೆ ಆಗಿಬಿಡುತ್ತದೆ. ನಮ್ಮ ಗುಂಪಿನಲ್ಲಿ ಅದು ಓಡಾಡುತ್ತದೆ. "ನಲ್ಲಿಯಲ್ಲಿ ನೀರಿಲ್ಲ." "ಮೊಣಕಾಲು ಮತ್ತೆ ಊದಿಕೊಂಡಿದೆ." "ಇಡ್ಲಿ ಹಿಟ್ಟು ಉಬ್ಬಲೇ ಇಲ್ಲ, ಏನು ಮಾಡ್ಲಿ?" ಕೊನೆಯದಕ್ಕೆ ಕುಂದಾಪುರದ ಕಡೆಯವರು ಒಂದು ಉಪಾಯ ಹೇಳುತ್ತಾರೆ, ಧಾರವಾಡದ ಕಡೆಯವರು ಇನ್ನೊಂದು. ಅರ್ಧ ದಿನ ವಾದ ನಡೆಯುತ್ತದೆ. ಹಿಟ್ಟು ಅಷ್ಟರಲ್ಲಿ ತಾನೇ ಉಬ್ಬಿರುತ್ತದೆ.

ಎದುರುಬದುರು ಕೂತೇ ಮಾತಾಡಬಾರದಾ ಅಂತಲೂ ಕೇಳುತ್ತಾರೆ. ಈ ಊರಿನಲ್ಲಿ ಅದಕ್ಕೆ ಜಾಗ ಇದೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದು, ಮಾಹಿಮ್ ಕಡೆಯ ಕರ್ನಾಟಕ ಸಂಘ 1933ರದು. ಕಾರ್ಯಕ್ರಮ ಇದ್ದಾಗ ನಾವೂ ಹೋಗುತ್ತೇವೆ. ಆದರೆ ನಮ್ಮವರು ಈಗ ಡೊಂಬಿವಲಿ, ನೆರೂಳ್, ಮೀರಾ ರೋಡ್, ವಸಯಿ ಅಂತ ಹಂಚಿಹೋಗಿದ್ದಾರೆ. ಭಾನುವಾರ ಅಂದರೆ ಮೆಗಾ ಬ್ಲಾಕ್, ಹಳಿ ರಿಪೇರಿಗೆ ಅಂತ ಲೋಕಲ್ ಟ್ರೈನುಗಳನ್ನು ಗಂಟೆಗಟ್ಟಲೆ ಕಡಿಮೆ ಮಾಡುತ್ತಾರೆ. ಎಪ್ಪತ್ತು ದಾಟಿದವರು ಎರಡು ಟ್ರೈನ್ ಬದಲಾಯಿಸಿ ಬರೋದು ಸುಮ್ನೆ ಮಾತಲ್ಲ. 2020ರ ಮಾರ್ಚ್‌ನಲ್ಲಿ ಲೋಕಲ್ ನಿಂತಾಗ ನಮ್ಮ ಗುಂಪು ಶುರುವಾಯಿತು. ಲೋಕಲ್ ಮತ್ತೆ ಓಡಿತು, ಗುಂಪು ಉಳಿಯಿತು.

ಈಗ ಒಂದು ಭಾನುವಾರದ ವಿಷಯ ಹೇಳಬೇಕು.

ಆ ತಿಂಗಳ ಪುಸ್ತಕ ಯಶವಂತ ಚಿತ್ತಾಲರ 'ಶಿಕಾರಿ'. 1979ರಲ್ಲಿ ಬಂದ ಕಾದಂಬರಿ. ಚಿತ್ತಾಲರು ಉತ್ತರ ಕನ್ನಡದ ಹನೇಹಳ್ಳಿಯವರು, ಬದುಕಿದ್ದು ಮುಂಬೈಯಲ್ಲಿ, ಮನೆ ಬಾಂದ್ರಾದ ಸಮುದ್ರದ ಎದುರು. ಕಾದಂಬರಿಯ ನಾಗಪ್ಪ ಮುಂಬೈಯ ಕಂಪನಿಯೊಂದರ ದೊಡ್ಡ ನೌಕರ. ಇದ್ದಕ್ಕಿದ್ದ ಹಾಗೆ ಅವನನ್ನು ಕೆಲಸದಿಂದ ದೂರ ಇಡುತ್ತಾರೆ. ಯಾಕೆ ಅಂತ ಅವನಿಗೇ ಸರಿಯಾಗಿ ಗೊತ್ತಿಲ್ಲ. ಅಲ್ಲಿಂದ ಅವನಿಗೆ ಎಲ್ಲರ ಮೇಲೂ ಅನುಮಾನ. ನಮ್ಮ ಚರ್ಚೆಯಲ್ಲಿ ನೆರೂಳಿನ ಟೀಚರ್‌ಗೆ ಇದು ಹಿಡಿಸಲಿಲ್ಲ. "ಇಷ್ಟೊಂದು ಅನುಮಾನ ಯಾಕೆ? ಯಾರ ಹತ್ರನಾದ್ರೂ ಕೂತು ಮಾತಾಡಿದ್ರೆ ಆಗ್ತಿತ್ತಲ್ಲ" ಅಂದರು. ಪುಣೆಯಿಂದ ಸೇರಿದ್ದ ಹುಡುಗನೂ ಹೌದು ಅಂದ.

ಆಗ ಮೀರಾ ರೋಡಿನ ಮಾಮ ಮೈಕ್ ಆನ್ ಮಾಡಿದರು.

ಮಾಮನ ಬಗ್ಗೆ ಎರಡು ಮಾತು. ಅವರು ದಿನಾ ಬೆಳಿಗ್ಗೆ ಬಾಲ್ಕನಿಯ ತುಳಸಿ ಗಿಡದ ಫೋಟೋ ಹಾಕುತ್ತಾರೆ. ಕೆಳಗೆ "ಶುಭೋದಯ, ಚರ್ಚ್‌ಗೇಟ್ ಗಾಡಿ ಹತ್ತು ನಿಮಿಷ ಲೇಟು" ಅಂತ ಬರೆಯುತ್ತಾರೆ. ರಿಟೈರ್ ಆಗಿದ್ದಾರೆ, ಗಾಡಿ ಹತ್ತಬೇಕಿಲ್ಲ. ನಮಗಾಗಿ ನೋಡಿ ಹೇಳುತ್ತಾರೆ. "ಇಂಥ ಮೆಸೇಜ್ ನಿಲ್ಲಿಸಿ, ಗುಂಪಿನ ಮಟ್ಟ ಇಳೀತದೆ" ಅಂತ ಹೊಸದಾಗಿ ಸೇರಿದವರೊಬ್ಬರು ನನಗೆ ಬೇರೆಯಾಗಿ ಬರೆದಿದ್ದರು. ನಿಲ್ಲಿಸಲ್ಲ ಅಂತ ಹೇಳಿದೆ. ಅವರು ಗುಂಪು ಬಿಟ್ಟು ಹೋದರು.

ಮಾಮ ಮೆಲ್ಲಗೆ ಶುರು ಮಾಡಿದರು. ಬಹಳ ಹಿಂದೆ ಅವರಿಗೂ ಆಫೀಸಿನಿಂದ ಅಂಥದ್ದೇ ಒಂದು ಕಾಗದ ಬಂದಿತ್ತಂತೆ. ವಿಚಾರಣೆ ಮುಗಿಯುವವರೆಗೆ ಬರಬೇಡಿ ಅಂತ. ಮನೆಯಲ್ಲಿ ಹೇಳಲಿಲ್ಲ. ದಿನಾ ಅದೇ ಹೊತ್ತಿಗೆ ಹೊರಟು, ಅದೇ ಗಾಡಿಗೆ ಚರ್ಚ್‌ಗೇಟಿಗೆ ಹೋಗಿ, ಓವಲ್ ಮೈದಾನದ ಅಂಚಿನಲ್ಲಿ ಕೂತು ಹುಡುಗರ ಕ್ರಿಕೆಟ್ ನೋಡುತ್ತಿದ್ದರು. "ಹಸಿವೇ ಇರ್ತಿರಲಿಲ್ಲ. ಆದ್ರೂ ಡಬ್ಬಿ ಖಾಲಿ ಮಾಡ್ಲೇಬೇಕಿತ್ತು. ಇಲ್ಲಾಂದ್ರೆ ಮನೇಲಿ ಕೇಳ್ತಾಳೆ. ಬಾಯಿಗೆ ತುತ್ತು ಇಟ್ಕೊಂಡು ಸುತ್ತ ನೋಡ್ತಿದ್ದೆ, ಯಾರಾದ್ರೂ ಆಫೀಸಿನವರು ನೋಡ್ತಿದ್ದಾರಾ ಅಂತ. ಆಮೇಲೆ ಎಲ್ಲಾ ಸರಿ ಹೋಯ್ತು, ಕೆಲಸಕ್ಕೆ ವಾಪಸ್ ತಗೊಂಡ್ರು. ಆದ್ರೆ ಟೀಚರೇ, ಆ ಟೈಮಲ್ಲಿ ಯಾರನ್ನ ನಂಬೋದು ಅಂತ ನಂಗೂ ಗೊತ್ತಾಗ್ತಿರಲಿಲ್ಲ."

ಮಾಮನ ಹೆಂಡತಿ ಈಗಿಲ್ಲ. ಈ ವಿಷಯ ಅವರು ಯಾರ ಹತ್ತಿರವೂ ಆಡಿದ್ದು ಅದೇ ಮೊದಲಂತೆ.

ಟೀಚರ್ ಪುಸ್ತಕ ತೆಗೆದು ಮೊದಲ ಅಧ್ಯಾಯಕ್ಕೆ ವಾಪಸ್ ಹೋದರು. ಅವತ್ತು ರಾತ್ರಿ ಹತ್ತೂವರೆವರೆಗೆ ಕೂತೆವು. ನಾಗಪ್ಪನ ಹೆದರಿಕೆಯ ಬಗ್ಗೆ ಅಷ್ಟು ಒಳ್ಳೆಯ ಮಾತನ್ನು ನಾನು ಯಾವ ವಿಚಾರ ಸಂಕಿರಣದಲ್ಲೂ ಕೇಳಿಲ್ಲ. ಮಾಮ ಅದನ್ನು ಹೇಳಿದ್ದು ಯಾರ ಮುಂದೆ? ಅವರ ತುಳಸಿಗೆ ಬಿಳಿ ಹುಳ ಬಿದ್ದಾಗ ಬೇವಿನೆಣ್ಣೆ ಸಿಂಪಡಿಸಿ ಅಂದವರ ಮುಂದೆ. ಜ್ವರ ಬಂದು ಎರಡು ದಿನ ಫೋಟೋ ಹಾಕದಿದ್ದಾಗ ಫೋನ್ ಮಾಡಿದವರ ಮುಂದೆ. ತಿಂಗಳಿಗೊಮ್ಮೆ ಮುಖ ತೋರಿಸಿ, ಶಿಲ್ಪ, ತಂತ್ರ, ದೃಷ್ಟಿಕೋನ ಅಂತ ಮಾತಾಡಿ ಹೋಗುವವರ ಮುಂದೆ ಯಾರು ಹೇಳುತ್ತಾರೆ?

ನನ್ನನ್ನು ಯಾರಾದರೂ ಬೇರೆ ಪ್ರಶ್ನೆ ಕೇಳಬೇಕು ಅಂತ ಆಸೆ. "ಮುಂಬೈಯಲ್ಲಿ ನಿಮಗೆ ಕನ್ನಡ ಪುಸ್ತಕ ಸಿಗೋದು ಹೇಗೆ?" ಇದನ್ನು ಯಾರೂ ಕೇಳೋದಿಲ್ಲ. ಆನ್‌ಲೈನ್‌ನಲ್ಲಿ ಕೆಲವು ಸಿಗುತ್ತವೆ. ಹಳೆಯವು, ಮರುಮುದ್ರಣ ಆಗದವು ಸಿಗೋದಿಲ್ಲ. ಅವು ಬರೋದು ಮತ್ಸ್ಯಗಂಧದಲ್ಲಿ. ಮಂಗಳೂರಿನಿಂದ ಸಂಜೆಯಿಡೀ ರಾತ್ರಿಯಿಡೀ ಓಡಿ ಬೆಳಿಗ್ಗೆ ಕುರ್ಲಾದ ಟರ್ಮಿನಸ್ ಮುಟ್ಟುವ ಗಾಡಿ. ಯಾರೋ ಗುಂಪಿನಲ್ಲಿ "ಅಮ್ಮನಿಗೆ ಹುಷಾರಿಲ್ಲ, ನಾಳೆ ಊರಿಗೆ ಹೊರಟೆ" ಅಂತಾರೆ. ಮೊದಲು ಎಲ್ಲರೂ ಅಮ್ಮನ ವಿಷಯ ಕೇಳುತ್ತಾರೆ. ಆಮೇಲೆ, ಅಮ್ಮ ಸುಧಾರಿಸಿದ ಮೇಲೆ, ಒಬ್ಬರು ಮೆಲ್ಲಗೆ "ಬರುವಾಗ ಆ ಪುಸ್ತಕ ಸಿಕ್ಕಿದರೆ…" ಅಂತಾರೆ. ಕುಚ್ಚಲಕ್ಕಿ, ಹಲಸಿನ ಹಪ್ಪಳದ ಮಧ್ಯೆ ಪುಸ್ತಕ ಬರುತ್ತದೆ. ಆ ಒಂದು ಪ್ರತಿಯನ್ನು ಎಲ್ಲರೂ ಓದಬೇಕು. ಯಾರು ಯಾವ ಗಾಡಿ ಹಿಡಿಯುತ್ತಾರೆ, ಯಾರ ಮೊಣಕಾಲಿಗೆ ಮೆಟ್ಟಿಲು ಹತ್ತೋಕಾಗಲ್ಲ, ಯಾರ ಮಗಳಿಗೆ ಪರೀಕ್ಷೆ, ಇದೆಲ್ಲಾ ಗೊತ್ತಿದ್ದರೆ ಮಾತ್ರ ಪುಸ್ತಕ ಕೈಯಿಂದ ಕೈಗೆ ಹೋಗುತ್ತದೆ. ದಾದರ್ ಸೇತುವೆ ಮೇಲೆ, ಆ ನೂಕುನುಗ್ಗಲಿನಲ್ಲಿ, ಬಸಳೆ ಸೊಪ್ಪಿನ ಚೀಲದಲ್ಲಿ ಹೋಗುತ್ತದೆ. ನಮ್ಮಲ್ಲಿ ಸುತ್ತುವ ಪ್ರತಿಗಳ ಕೊನೆಯ ಪುಟದಲ್ಲಿ ಪೆನ್ಸಿಲಿನಲ್ಲಿ ಸ್ಟೇಷನ್ ಹೆಸರುಗಳಿವೆ: ಡೊಂಬಿವಲಿ, ನೆರೂಳ್, ವಸಯಿ. ಕೆಲವು ಪುಟಗಳಲ್ಲಿ ಅರಿಶಿನದ ಬೆರಳಿನ ಗುರುತೂ ಇದೆ.

ಹಾಗಾಗಿ ಓದೋದು ಯಾವಾಗ ಅಂತ ಮತ್ತೆ ಕೇಳುವ ಮೊದಲು ಒಂದು ಉಪಕಾರ ಮಾಡಿ. ಮುಂದಿನ ತಿಂಗಳ ಪುಸ್ತಕ ವ್ಯಾಸರಾಯ ಬಲ್ಲಾಳರ 'ಬಂಡಾಯ', 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ನಮ್ಮ ಹತ್ತಿರ ಒಂದೇ ಪ್ರತಿ ಇದೆ, ಅದರ ಬೈಂಡು ಕಿತ್ತುಹೋಗಿದೆ. ಊರಲ್ಲಿ ನಿಮ್ಮ ಅಟ್ಟದ ಮೇಲೆ, ಅಜ್ಜನ ಪೆಟ್ಟಿಗೆಯಲ್ಲಿ ಇದ್ದರೆ ಹೇಳಿ. ಮತ್ಸ್ಯಗಂಧದಲ್ಲಿ ಯಾರ ಕೈಯಲ್ಲಾದರೂ ಕಳಿಸಿ. ಕುರ್ಲಾಕ್ಕೆ ನಮ್ಮವರು ಒಬ್ಬರು ಬಂದು ತೆಗೆದುಕೊಳ್ಳುತ್ತಾರೆ. ಗಾಡಿ ಲೇಟಿದ್ದರೆ ಮಾಮ ಮೊದಲೇ ಹೇಳಿರುತ್ತಾರೆ.