ಪ್ರಿಸಂ ಶೀಟಿಗೆ ವಾರ್ನಿಶ್ ಬಳಿಯಬೇಡಿ

ದಾವಣಗೆರೆಯಲ್ಲಿ ಟಿವಿ ರಿಪೇರಿ ಮಾಡುವವನಿಗೆ ಎರಡು ಪೀಡೆಗಳು. ಒಂದು, ಮಂಡಕ್ಕಿ ಭಟ್ಟಿಗಳ ಕಡೆಯಿಂದ ತೇಲಿ ಬರುವ ಮಸಿ. ಇನ್ನೊಂದು ಬೆಣ್ಣೆ. ಬೆಳಗ್ಗೆ ಬೆಣ್ಣೆ ದೋಸೆ ತಿಂದು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಬರುವ ಹುಡುಗರನ್ನು ನಾನು ಬ್ಯಾಕ್‌ಲೈಟಿನ, ಅಂದರೆ ಪರದೆಯ ಹಿಂದಿನಿಂದ ಬೆಳಕು ಕೊಡುವ ಭಾಗದ, ಹತ್ತಿರ ಸೇರಿಸುವುದಿಲ್ಲ. ಸೋಪು ಹಾಕಿ ತೊಳೆದು, ಗ್ಲೌಸ್ ತೊಟ್ಟ ಮೇಲೆಯೇ ಮುಂದಿನ ಮಾತು.

ಎಲ್‌ಇಡಿ ಟಿವಿಯ ಪ್ಯಾನೆಲ್ ಎತ್ತಿದರೆ ಕೆಳಗೆ ಬೆಳಕನ್ನು ಹರಡುವ ದಪ್ಪನೆಯ ಹಾಲುಬಣ್ಣದ ಡಿಫ್ಯೂಸರ್, ಅದರ ಮೇಲೆ ತೆಳ್ಳನೆಯ ಕೆಲವು ಹಾಳೆಗಳು. ಅವುಗಳಲ್ಲೊಂದು ಪ್ರಿಸಂ ಶೀಟ್. ಟ್ಯೂಬ್‌ಲೈಟಿನಡಿ ಓರೆಯಾಗಿ ಹಿಡಿದರೆ ರೇಷ್ಮೆ ಸೀರೆಯ ಹಾಗೆ ಬಣ್ಣ ಬದಲಿಸುತ್ತದೆ. ಅದರ ಹಿಂದೆ ಒಂದು ಬೆರಳು ಹಿಡಿದರೆ ಎರಡು ಕಾಣುತ್ತವೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಅಕ್ರಿಲಿಕ್ ರಾಳದಲ್ಲಿ ಅಚ್ಚೊತ್ತಿದ ಏಣುಗಳ ಸಾಲು ಅದು. ಸಾಮಾನ್ಯ ಶೀಟಿನಲ್ಲಿ ಏಣಿನಿಂದ ಏಣಿಗೆ 50 ಮೈಕ್ರಾನ್, ಅಂದರೆ ಮಿಲಿಮೀಟರಿಗೆ 20 ಏಣು; ಪ್ರತಿ ಏಣಿನ ತುದಿಯಲ್ಲಿ 90 ಡಿಗ್ರಿ ಕೋನ. ಓರೆಯಾಗಿ ಬಂದ ಬೆಳಕನ್ನು ಇದು ನೋಡುವವನ ಕಡೆಗೆ ಬಾಗಿಸುತ್ತದೆ. ನೆಟ್ಟಗೆ ಬಂದ ಬೆಳಕನ್ನು ಹಿಂದಕ್ಕೆ ಅಟ್ಟುತ್ತದೆ. ಅದು ಡಿಫ್ಯೂಸರಿಗೆ ಬಡಿದು, ದಿಕ್ಕು ಬದಲಿಸಿ ಮತ್ತೆ ಬರುತ್ತದೆ.

ಇಷ್ಟು ನಾಜೂಕಿನ ವಸ್ತುವಿಗೆ ಪಾರದರ್ಶಕ ವಾರ್ನಿಶ್ ಒಂದು ಕೋಟ್ ಹೊಡೆದರೆ ಗೀರು ಬೀಳುವುದಿಲ್ಲವಲ್ಲ ಎಂದು ಲ್ಯಾಮಿನೇಶನ್ ಅಂಗಡಿಯ ಗೆಳೆಯ ಕೇಳುತ್ತಲೇ ಇರುತ್ತಾನೆ. ಅವನಿಗೆ ಬಾಯಿಮಾತಿನ ಉತ್ತರ ಸಾಲದು. ಹಳೆಯ ಶೀಟಿನ ತುಂಡನ್ನು ದಿನಪತ್ರಿಕೆಯಿಂದ ಒಂದಂಗುಲ ಮೇಲೆ ಹಿಡಿದೆ. ತಲೆಬರಹ ಎರಡೆರಡಾಗಿ ಕಂಡಿತು. ಏಣುಗಳ ಮೇಲೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟೆ. ಎಣ್ಣೆ ದುಂಡಗೆ ನಿಲ್ಲದೆ ಸಾಲಿನುದ್ದಕ್ಕೂ ಹರಿಯಿತು, ಹರಿದಲ್ಲೆಲ್ಲ ಅಕ್ಷರಗಳು ಬಹುತೇಕ ಒಂದಾದವು. ಏಣು ಅಲ್ಲೇ ಇದೆ, ಬೆಳಕಿಗೆ ಮಾತ್ರ ಇಲ್ಲ.

ಕಾರಣ ಹೈಸ್ಕೂಲಿನ ಭೌತಶಾಸ್ತ್ರವೇ. ರಾಳದ ವಕ್ರೀಭವನ ಸೂಚ್ಯಂಕವನ್ನು, ಅಂದರೆ ಅದು ಬೆಳಕನ್ನು ಎಷ್ಟು ಬಾಗಿಸುತ್ತದೆ ಎನ್ನುವ ಅಳತೆಯನ್ನು, 1.5 ಎಂದುಕೊಳ್ಳಿ. ಹೊರಗೆ ಗಾಳಿ ಇದ್ದರೆ ಕ್ರಾಂತಿಕೋನ ಸುಮಾರು 42 ಡಿಗ್ರಿ; ಒಳಗಿನಿಂದ ಅದಕ್ಕಿಂತ ಹೆಚ್ಚು ಓರೆಯಾಗಿ ತಾಗಿದ ಬೆಳಕು ಹೊರಬೀಳುವುದಿಲ್ಲ. ನೆಟ್ಟಗೆ ಬಂದ ಬೆಳಕು ಏಣಿನ ಇಳಿಜಾರಿಗೆ 45 ಡಿಗ್ರಿಯಲ್ಲಿ ತಾಗುವುದರಿಂದ ಪೂರ್ತಿ ಪ್ರತಿಫಲಿಸುತ್ತದೆ. ಹೊರಗೆ ನೀರಿದ್ದರೆ ಕ್ರಾಂತಿಕೋನ 62 ದಾಟುತ್ತದೆ, ಬೆಳಕು ನಿಲ್ಲದೆ ಹೊರಬೀಳುತ್ತದೆ. ಎಣ್ಣೆ, ಬೆಣ್ಣೆ, ವಾರ್ನಿಶ್‌ಗಳ ಸೂಚ್ಯಂಕವಂತೂ ರಾಳಕ್ಕೆ ಇನ್ನೂ ಹತ್ತಿರ. ಏಣುಗಳ ನಡುವಿನ ಕಣಿವೆ ತುಂಬಿಸಿಯೂ ಪ್ರತಿಫಲನ ಉಳಿಯಬೇಕಾದರೆ ತುಂಬಿದ ವಸ್ತುವಿನ ಸೂಚ್ಯಂಕ 1.06ಕ್ಕಿಂತ ಕಡಿಮೆ ಇರಬೇಕು. ಅಂಥ ವಾರ್ನಿಶ್ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಇಲ್ಲ.

ಹಾಗಾದರೆ ಲೇಪನವೇ ಕೂಡದೇ? ಹಾಗೇನಿಲ್ಲ. ಇಳಿಜಾರಿಗೆ ಸಮಾನಾಂತರವಾಗಿ, ಎಲ್ಲೆಡೆ ಒಂದೇ ದಪ್ಪದಲ್ಲಿ ಕೂರುವ ತೆಳು ಗಟ್ಟಿ ಪದರ ನಡೆಯುತ್ತದೆ. ಪ್ರತಿಫಲನ ಅದರ ಹೊರಮೈಯಲ್ಲಿ ಆಗುತ್ತದೆ, ಲೆಕ್ಕ ಬದಲಾಗುವುದಿಲ್ಲ. ಕಣಿವೆಯಲ್ಲಿ ಮಡುಗಟ್ಟಿದರೆ ಕೆಟ್ಟಿತು. ಬ್ರಷ್ಷಿನಲ್ಲಿ ಬಳಿಯುವವರಿಗೆ ಇದು ಎಟುಕುವ ಕೆಲಸವಲ್ಲ. ಟಿವಿಯೊಳಗೆ ಇದಕ್ಕಿಂತ ಸುಲಭದ ಉಪಾಯವಿದೆ: ಏಣುಗಳ ಮೇಲೆ ಇನ್ನೊಂದು ಹಾಳೆಯನ್ನು ಅಂಟಿಲ್ಲದೆ ಸುಮ್ಮನೆ ಇಡುವುದು. ಅದು ತುದಿಗಳನ್ನಷ್ಟೇ ಮುಟ್ಟುತ್ತದೆ, ಕಣಿವೆಗಳಲ್ಲಿ ಗಾಳಿ ಉಳಿಯುತ್ತದೆ. ಮೇಲಿನ ಹಾಳೆ ಅಲ್ಲಲ್ಲಿ ಅಂಟಿಕೊಂಡು ಕಲೆ ಕಾಣಬಾರದೆಂದು ಕೆಲವು ಏಣುಗಳನ್ನು ಬೇಕೆಂದೇ ಎತ್ತರ ಮಾಡಿರುವ ಶೀಟುಗಳೂ ಇವೆ.

ಆದರೆ ನನ್ನ ಮೆಚ್ಚುಗೆ ರಸ್ತೆ ಫಲಕದ ಹಾಳೆ ಮಾಡಿದವರಿಗೆ. ರಾತ್ರಿ ಚಿತ್ರದುರ್ಗದಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬರುವಾಗ ಹೆಡ್‌ಲೈಟಿಗೆ ಝಗ್ಗನೆ ಹೊಳೆಯುವ ಪ್ರಿಸಂ ಫಲಕಗಳನ್ನು ಗಮನಿಸಿ. ಬಿಸಿಲು, ಮಳೆ, ಲಾರಿ ಎಬ್ಬಿಸಿದ ಧೂಳು ಎಲ್ಲವೂ ಅವುಗಳ ಮೇಲೆಯೇ. ಅಲ್ಲಿ ನುಣುಪು ಮೈ ಹೊರಗೆ, ಪ್ರಿಸಂಗಳು ಹಿಂದೆ. ಹಿಂಬದಿಯ ಹಾಳೆಯನ್ನು ಪುಟ್ಟ ಕೋಣೆಗಳ ಗೆರೆಗುಂಟ ಮಾತ್ರ ಬೆಸೆದು, ಒಂದೊಂದು ಕೋಣೆಯಲ್ಲೂ ಗಾಳಿಯನ್ನು ಸೆರೆಹಿಡಿದಿರುತ್ತಾರೆ. ಬೆಸೆದ ಗೆರೆಗಳಲ್ಲಿ ಹೊಳಪಿಲ್ಲ. ಅಷ್ಟು ನಷ್ಟ ಒಪ್ಪಿಕೊಂಡ ಲೆಕ್ಕ. ಒಂದು ಕೋಣೆ ಸೀಳಿ ನೀರು ನುಗ್ಗಿದರೆ ಅದೊಂದೇ ಮಂಕಾಗುತ್ತದೆ. ಪ್ರಿಸಂಗಳ ಬೆನ್ನಿಗೆ ಲೋಹ ಲೇಪಿಸಿ ಗಾಳಿಯ ಹಂಗೇ ಇಲ್ಲದಂತೆ ಮಾಡಿದ ಹಾಳೆಗಳೂ ಇವೆ, ಹಗಲಲ್ಲಿ ಅವು ಬೂದು ಬಣ್ಣಕ್ಕೆ ತಿರುಗಿ ಕಾಣುತ್ತವೆ.

ಮನೆಯಲ್ಲೇ ಟಿವಿ ಬಿಚ್ಚುವ ಧೈರ್ಯಶಾಲಿಗಳಿಗೆ: ಧೂಳನ್ನು ಬ್ಲೋವರಿನಿಂದ ಊದಿ, ಬಟ್ಟೆಯಿಂದ ಉಜ್ಜಬೇಡಿ. ಒರೆಸಲೇಬೇಕಾದರೆ ಏಣಿನ ಉದ್ದಕ್ಕೆ, ಹಗುರವಾಗಿ. ಹೊಸ ಶೀಟಿನ ರಕ್ಷಣಾ ಪೊರೆಯನ್ನು, ಶೀಟ್ ಜೋಡಿಸುವ ಕ್ಷಣದಲ್ಲಿ, ನಿಧಾನವಾಗಿ ಸುಲಿಯಿರಿ. ಸರ್ರನೆ ಎಳೆದರೆ ಹುಟ್ಟುವ ಸ್ಥಾಯಿ ವಿದ್ಯುತ್ತು ಕೋಣೆಯ ಧೂಳನ್ನೆಲ್ಲ ಕರೆಯುತ್ತದೆ. ನಾಲ್ಕೂ ಮೂಲೆ ಅಂಟಿಸಬೇಡಿ, ಬಿಸಿಗೆ ಹಿಗ್ಗಲು ಜಾಗವಿಲ್ಲದೆ ಶೀಟ್ ಸುಕ್ಕಾಗುತ್ತದೆ. ಹರಿದ ಅಂಚಿಗೆ ಟೇಪ್ ಹಚ್ಚಬಹುದೇ ಎಂದು ಕೇಳುವವರಿದ್ದಾರೆ. ಚೌಕಟ್ಟಿನಡಿ ಅಡಗುವ ಕಡೆ ಹಚ್ಚಲಿ, ಚಿತ್ರ ಕಾಣುವ ಜಾಗಕ್ಕೆ ಹರಿದಿದ್ದರೆ ಹೊಸದನ್ನೇ ತರಿಸುತ್ತೇನೆ.